ಊರಿನ ಕಾಲಂ ಇಲ್ಲದ ಕಾರ್ಡುಗಳು

ಇದನ್ನು ಬರೆಯಲು ಬಹಳ ವರ್ಷ ಹಿಂದೇಟು ಹಾಕಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯಿಂದ ಖಾನಾಪುರದ ಒಂದು ಕ್ಷಯರೋಗದ ದವಾಖಾನೆಗೆ ಹೆಡ್ ಕ್ಲಾರ್ಕ್ ಆಗಿ ಹೋದೆ. ಅಲ್ಲಿ ರೋಗಿಗಳ ಕಾರ್ಡುಗಳನ್ನು ಊರಿನ ಪ್ರಕಾರ ಒಂದೇ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನಾವು ಮೂವರು ಸಿಬ್ಬಂದಿ ಅದರಲ್ಲಿ ಬರೆಯುತ್ತಿದ್ದೆವು. ಹುಡುಕಲು ಸುಲಭವಾಗಲೆಂದು ನಾನು ಊರಿನ ಕಾಲಂ ತೆಗೆದು, ಅಡ್ಡಹೆಸರಿನ ಪ್ರಕಾರ ಹೊಸ ಕಾರ್ಡು ಬರೆಸಿದೆ.

ಹತ್ತು ವರ್ಷದಿಂದ ಆ ಪೆಟ್ಟಿಗೆ ನೋಡಿಕೊಂಡಿದ್ದ ನರ್ಸಬಾಯಿ ತಡೆದರು. "ಸಾಹೇಬ್ರ, ಮೊದಲ ಎರಡು ಊರಿಂದು ನಕಲ ಮಾಡಿ ಒಂದ ವಾರ ನಡಸಿ ನೋಡೂಣ್ರಿ. ಹಳೇವು ಹಂಗ ಇರಲಿ."

"ನಿಮ್ಮ ಹಳ್ಳಿ ಶಾಣ್ಯಾತನ ನನಗ ಬ್ಯಾಡ," ಎಂದೆ. ಶನಿವಾರ ಹಳೆಯ ಕಾರ್ಡುಗಳನ್ನೆಲ್ಲ ಅವರ ಕೈಯಿಂದಲೇ ಹರಿದುಹಾಕಿಸಿದೆ.

ಸೋಮವಾರ ಒಂದು ಹೆಸರು ಕೂಗಿದರೆ ಮೂವರು ಎದ್ದು ನಿಂತರು. ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಒಂದೇ. ಊರು ಮಾತ್ರ ಬೇರೆ. ಯಾರಿಗೆ ಎಷ್ಟು ಸೂಜಿ ಆಗಿದೆಯೋ ತಿಳಿಯಲಿಲ್ಲ.

"ನನಗ ನಲವತ್ತ ಆಗ್ಯಾವು. ಮತ್ತ ಮೊದಲಿಂದ ಚುಚ್ಚತೀರೇನು? ಕಾರ್ಡ ಹರದಾವನ ಕುಂಡಿಗೆ ಚುಚ್ರಿ!" ಎಂದು ಒಬ್ಬ ಕಿರುಚಿದ.

ಹರಿದವರು ಯಾರೆಂದು ಡಾಕ್ಟರು ಕೇಳಿದರು. "ನರ್ಸಬಾಯಿ ಹರದಾರ್ರಿ," ಎಂದೆ. ಅದು ಸುಳ್ಳಲ್ಲ; ಹರಿಯಲು ಹೇಳಿದ್ದು ನಾನೆಂದು ಮಾತ್ರ ಹೇಳಲಿಲ್ಲ. ಅಂದೇ ಅವರ ಕೆಲಸ ಹೋಯಿತು. ಹೊರಡುವಾಗ ಅವರು ಒಂದು ಕಟ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ನನಗೆ ಹೇಳದೆ ಮನೆಯಲ್ಲಿ ಬರೆದಿಟ್ಟಿದ್ದ ಎರಡು ಊರಿನ ನಕಲು.

"ತಗೋರಿ, ಹಳ್ಳಿ ಶಾಣ್ಯಾತನ."

ಆ ಮೂವರು ರೋಗಿಗಳ ಸೂಜಿಯ ಗೊಂದಲ ಅದರಿಂದಲೇ ಬಗೆಹರಿಯಿತು: ಇಬ್ಬರ ಲೆಕ್ಕ ಅದರಲ್ಲಿ ಸಿಕ್ಕಿತು, ಉಳಿದ ಕಾರ್ಡು ಮೂರನೆಯವನದು. ಡಾಕ್ಟರಿಗೆ ಅದನ್ನು ನನ್ನ ಕೆಲಸವೆಂದೇ ತೋರಿಸಿದೆ. ಆ ನರ್ಸಬಾಯಿಯ ಕ್ಷಮೆಯನ್ನು ನಾನು ಇಂದಿಗೂ ಕೇಳಿಲ್ಲ.