ಗಿರಿಕುಂಕುಮದ ತಕರಾರು

ಇಳಕಲ್ಲಿನ ಚಮನಸಾಬನ ಕೈಗಳು ಮೊಣಕೈವರೆಗೆ ಯಾವತ್ತೂ ಒಂದಿಲ್ಲೊಂದು ಬಣ್ಣದಲ್ಲಿ ಇರುತ್ತವೆ. ಸೋಮವಾರ ಕೆಂಪಾಗಿದ್ದರೆ ಬುಧವಾರಕ್ಕೆ ಹಸಿರು. ಸೀರೆಯ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು, ಮೂವತ್ತೆರಡು ವರ್ಷ ಆಯಿತು. ಮದುವೆಯ ದಿನ ಹೆಣ್ಣಿನ ಕಡೆಯವರು ಅವನ ಕೈ ನೋಡಿ, ‘ಮದರಂಗಿ ಹುಡುಗಿಗೆ ಹಚ್ಚೂದೋ, ಇವಗ ಹಚ್ಚೂದೋ’ ಎಂದು ನಕ್ಕಿದ್ದರು. ಅವನು ನಕ್ಕಿರಲಿಲ್ಲ. ಬೇರೆ ಎಲ್ಲದಕ್ಕೂ ಅವನಿಗೆ ಸಿಟ್ಟು ನಿಧಾನಕ್ಕೆ ಬರುತ್ತದೆ. ಬಣ್ಣ ಸರಿಯಿಲ್ಲ ಅಂದರೆ ಮಾತ್ರ ಅದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿರುತ್ತದೆ.

ಅವನ ನೂಲನ್ನು ನೇಯುವವನು ಪಕ್ಕದ ಮನೆಯ ಅಮಾತೆಪ್ಪ. ಎರಡು ಮನೆಗಳ ನಡುವೆ ಒಂದು ಬೇವಿನ ಗಿಡ, ಒಂದು ನಲ್ಲಿ. ಸಾಲಿಯಲ್ಲಿ ಒಂದೇ ವರ್ಷ, ಒಂದೇ ವಿಷಯಕ್ಕೆ ನಪಾಸಾಗಿ ಗೆಳೆಯರಾದವರು. ಪಾಸಾಗಿದ್ದರೆ ಇಷ್ಟು ಗಟ್ಟಿ ಗೆಳೆತನ ಆಗುತ್ತಿತ್ತೋ ಇಲ್ಲವೋ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅಮಾತೆಪ್ಪ ನೂಲಿನ ನಾಲ್ಕು ಲಡಿ ಹಿಡಿದುಕೊಂಡು ಬಂದ.

‘ಚಮನ್ಯಾ, ಇವು ಎಲ್ಲಾ ಒಂದ ಬಣ್ಣ ಕಾಣಾಕತ್ಯಾವಲೇ.’

‘ಯಾವ ಯಾವು?’

‘ಎಲ್ಲಾ. ಗಿರಿಕುಂಕುಮಾನೂ ಅಷ್ಟ, ಗಿಳಿಹಸರೂ ಅಷ್ಟ. ರಾಡಿ ನೀರಿನಾಗ ಅದ್ದಿದಂಗ.’

ಗಿರಿಕುಂಕುಮ ಅಂದರೆ ಇಳಕಲ್ ಸೀರೆಯ ಸಿಂಧೂರಗೆಂಪು. ಊರಲ್ಲಿ ಅದನ್ನು ತನ್ನಂಗೆ ಕುದಿಸುವವನು ಇನ್ನೊಬ್ಬನಿಲ್ಲ ಎಂದು ಚಮನಸಾಬ ನಂಬಿದ್ದ. ಬೇರೆಯವರೂ ನಂಬಿದ್ದರು, ಆದರೆ ಅವನ ಎದುರಿಗೆ ಹೇಳುತ್ತಿರಲಿಲ್ಲ. ಅವನು ಲಡಿ ಇಸಿದುಕೊಂಡು ಮತ್ತೆ ಬಣ್ಣಕ್ಕೆ ಹಾಕಿದ. ಅಮಾತೆಪ್ಪ ನೋಡಿ ಅದನ್ನೇ ಅಂದ. ಮತ್ತೊಮ್ಮೆ ಹಾಕಿದ. ಮತ್ತೆ ಅದೇ ಮಾತು.

‘ನೇಯೂ ಮನಸಿಲ್ಲಂದ್ರ ಹಂಗ ಹೇಳಲೇ. ನನ್ನ ಬಣ್ಣದ ಮ್ಯಾಲ ಯಾಕ ಹಾಕ್ತಿ?’

‘ಮನಸಿಲ್ಲ,’ ಅಂದ ಅಮಾತೆಪ್ಪ.

ಅದು ಖರೆ ಮಾತಾಗಿತ್ತು. ಚಮನಸಾಬ ಅದನ್ನು ಜಗಳದ ಮಾತು ಅಂತ ತಿಳಿದು ಇಪ್ಪತ್ತೆರಡು ದಿನ ಮಾತು ಬಿಟ್ಟ.

ಇಪ್ಪತ್ಮೂರನೆಯ ದಿನ ಅಮಾತೆಪ್ಪನ ಹೆಂಡತಿ ಕಸ್ತೂರಿ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಳು. ‘ಚಮನಣ್ಣ, ನಿಮ್ಮ ಗೆಳೆಯಾ ಸರಿಯಾಗಿ ಉಣವಲ್ರು. ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟು ಸುಮ್ನ ಕುಂದರತಾರ, ಲಾಳಿ ಮುಟ್ಟೂದಿಲ್ಲ. ನಿನ್ನೆ, ನಾ ಇದ್ರೇನು ಬಿಟ್ರೇನು ಅಂದ್ರು.’ ಕೊಡ ತುಂಬಿದ್ದರೂ ಅವಳು ಎತ್ತಲಿಲ್ಲ.

ಚಮನಸಾಬನ ಮಗಳು ನರ್ಗೀಸ ಹುನಗುಂದದಲ್ಲಿ ನರ್ಸ್. ಸಂಜೆ ಬಸ್ಸಿಳಿದು ಬಂದವಳು ಎಲ್ಲ ಕೇಳಿ, ‘ಅಬ್ಬಾ, ಇದು ಡಿಪ್ರೆಶನ್,’ ಅಂದಳು.

‘ಅದು ಬಂಗಾಳಕೊಲ್ಲಿಯಾಗ ಆಗೂದಲ್ಲೇನ?’

‘ಮನಷ್ಯಾಗೂ ಆಗತೈತಿ. ಆವಾಗ ಬಣ್ಣ ಬಣ್ಣ ಅನಸೂದಿಲ್ಲ, ರುಚಿ ರುಚಿ ಅನಸೂದಿಲ್ಲ. ಕಾಕಾ ನಿಮ್ಮ ನೂಲಿನ ತಪ್ಪ ಹೇಳಿಲ್ಲ. ತಮ್ಮ ಸಂಕಟ ಹೇಳ್ಯಾರ.’

ಚಮನಸಾಬ ತನ್ನ ಹಸಿರು ಕೈಗಳನ್ನು ನೋಡಿಕೊಂಡ. ಗೆಳೆಯ ಸಂಕಟ ಹೇಳಿಕೊಂಡು ಬಂದರೆ ಇವನು ಲಡಿ ಅದ್ದುತ್ತಾ ಕುಂತಿದ್ದ.

ಅಮಾತೆಪ್ಪನನ್ನು ಬಾಗಲಕೋಟೆಯಲ್ಲಿ ಮನೋರೋಗದ ಡಾಕ್ಟರಿಗೆ ತೋರಿಸಿದರು. ರೋಹಿಣಿ ಅಂತ ಅವರ ಹೆಸರು. ಗುಳಿಗೆ ಬರೆದು, ಗುಣ ಕಾಣಲು ಕೆಲವು ವಾರ ಬೇಕು, ಅಲ್ಲಿಯತನಕ ಒಬ್ಬರನ್ನೇ ಬಿಡಬೇಡಿ ಅಂದರು. ತಾಸೊಂದರಲ್ಲಿ ಬಿಳಿಯನ್ನು ಕೆಂಪು ಮಾಡುವ ಚಮನಸಾಬನಿಗೆ ಆ ‘ಕೆಲವು ವಾರ’ ಅನ್ನುವುದು ಗಂಟಲಿಂದ ಕೆಳಗಿಳಿಯಲಿಲ್ಲ. ಎರಡು ವಾರಕ್ಕೇ ಮೊಬೈಲಿನಲ್ಲಿ ಬೇರೆ ದಾರಿ ಹುಡುಕಿದ. ಒಂದು ವಿಡಿಯೋ ಸಿಕ್ಕಿತು. ಹೊರದೇಶದಲ್ಲಿ ಯಾವುದೋ ಅಣಬೆಯೊಳಗಿನ ಔಷಧಿಯನ್ನು ಖಿನ್ನತೆಯವರಿಗೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದಾರಂತೆ. ಕೆಲವರಿಗೆ ಹಗುರ ಆಗಿದೆಯಂತೆ. ತಗೊಂಡವರಿಗೆ ಕಣ್ಣು ಮುಚ್ಚಿದರೂ ಬಣ್ಣಗಳು ಕಾಣುತ್ತವಂತೆ. ‘ಇನ್ನೂ ಪರೀಕ್ಷೆಯಲ್ಲಿದೆ’ ಎಂದು ವಿಡಿಯೋದವನು ನಾಲ್ಕು ಸಲ ಹೇಳಿದ. ಚಮನಸಾಬ ನಾಲ್ಕು ಸಲವೂ ‘ಬಣ್ಣ’ ಅನ್ನುವುದನ್ನಷ್ಟೇ ಕೇಳಿದ. ಬಣ್ಣ ಅಂದಮೇಲೆ ಅದು ತನ್ನ ಇಲಾಖೆ.

ಅದೇ ವಾರ ಬಂಗಾಳಕೊಲ್ಲಿಯ ಡಿಪ್ರೆಶನ್ನು ಮೂರು ದಿನ ಮಳೆ ಸುರಿಸಿ, ಹುನಗುಂದ ರಸ್ತೆಯ ಬದುವಿನಲ್ಲಿ ಅಣಬೆ ಎಬ್ಬಿಸಿತು. ಚಮನಸಾಬ ಟಾವೆಲ್ಲು ತುಂಬ ಕಿತ್ತು ತಂದ. ಬಣ್ಣ ಕಾಣಿಸುವ ವಸ್ತುವಿನ ಒಳಗೆ ಬಣ್ಣ ಇರಲೇಬೇಕು, ಇದು ಅವನ ಮೂವತ್ತೆರಡು ವರ್ಷದ ಲೆಕ್ಕ. ಅದಕ್ಕೇ ಬಣ್ಣದ ಪಾತ್ರೆಯಲ್ಲಿ ಹಾಕಿ ಕುದಿಸಿ, ಪರೀಕ್ಷೆಗೆ ಅಂತ ಒಂದು ಬಿಳಿ ಲಡಿ ಅದ್ದಿದ. ತೆಗೆದು ಹಿಂಡಿದ. ಪುಡಿ ಕಡಿಮೆ ಬಿದ್ದ ಚಹಾದಷ್ಟೂ ಬಣ್ಣ ಹತ್ತಿರಲಿಲ್ಲ.

ಅಷ್ಟರಲ್ಲಿ ನರ್ಗೀಸ ಬಂದಳು. ‘ಏನಿದು ಅಬ್ಬಾ?’

‘ಅಣಬಿ. ಅಮಾತ್ಯಾಗ. ನೂಲಿಗೆ ಬಣ್ಣ ಬಿಡವಲ್ದು. ಹೊಟ್ಟ್ಯಾಗ ಹೋದಮ್ಯಾಲ ಬಿಡತೈತೇನೋ.’

‘ಹೊಟ್ಟ್ಯಾಗ ಹೋದಮ್ಯಾಲ ಮನಷ್ಯಾ ಜೀವ ಬಿಡತಾನ.’ ಅವಳು ದನಿ ಏರಿಸಲಿಲ್ಲ. ಹಿತ್ತಲಲ್ಲಿ ಕುಣಿ ತೋಡಿ ಅಷ್ಟನ್ನೂ ಮಣ್ಣು ಮುಚ್ಚಿದಳು, ಪಾತ್ರೆಯನ್ನೂ ಸೇರಿಸಿ. ಮುಚ್ಚಿದ ಮಣ್ಣನ್ನು ಅವಳು ಸಲಿಕೆಯಿಂದ ಮತ್ತೆ ಮತ್ತೆ ಬಡಿಯುವುದನ್ನು ನೋಡಿದ ಮೇಲೆ ಚಮನಸಾಬ ಆ ಪಾತ್ರೆಯ ಸುದ್ದಿ ಎತ್ತಲಿಲ್ಲ.

ಮರುವಾರ ಬಾಗಲಕೋಟೆಗೆ ಮತ್ತೆ ತೋರಿಸಲು ಹೋಗುವ ದಿನ. ಅಮೀನಗಡದಲ್ಲಿ ಬಸ್ಸು ನಿಂತಾಗ ಚಮನಸಾಬ ಇಳಿದು ಕರದಂಟು ತಂದ. ಅಮಾತೆಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು, ಅದೇನು ಅಂತ ಗೊತ್ತಿಲ್ಲದವನ ಹಾಗೆ ಅಗಿದ. ಚಮನಸಾಬ ಕಿಟಕಿಯ ಕಡೆ ಮುಖ ತಿರುಗಿಸಿದ.

ಡಾಕ್ಟರ ಮುಂದೆ ಅಣಬೆಯ ಕತೆಯನ್ನು ಅವನೇ ಹೇಳಿದ. ಡಾಕ್ಟರು ನಗಲಿಲ್ಲ.

‘ವಿಡಿಯೋ ಪೂರಾ ಸುಳ್ಳಲ್ಲರಿ. ಅಂಥಾ ಸಂಶೋಧನಾ ನಡದಾವು. ಆದ್ರ ಅದು ಅಳತಿ ಮಾಡಿ ಕೊಡೂ ಔಷಧಿ, ಬದುವಿನ ಮ್ಯಾಲ ಸಿಗೂದಲ್ಲ. ನಮ್ಮಲ್ಲಿ ಆ ಚಿಕಿತ್ಸಾ ಇಲ್ಲ, ಕಾನೂನೂ ಒಪ್ಪೂದಿಲ್ಲ. ಎಲ್ಲಾರಿಗೂ ನಡಿಯೂದೂ ಇಲ್ಲ. ಬದುವಿನ ಅಣಬಿ ತಿಂದು ಲಿವರ್ ಕಳಕೊಂಡವರನ್ನ ನಾನ ನೋಡೀನಿ.’

‘ಅಲ್ಲಿ ಅದನ್ನ ಕೊಟ್ಟು ಬಿಟ್ಟುಬಿಡತಾರೇನ್ರಿ?’

‘ಇಲ್ಲ. ಮೊದಲು ಎಷ್ಟೋ ದಿನ ಮಾತಾಡಸ್ತಾರ. ಕೊಟ್ಟ ದಿನ ತಾಸುಗಟ್ಟಲೆ ಪಕ್ಕದಾಗ ಕುಂತಿರ್ತಾರ. ಆಮ್ಯಾಲೂ ಬಿಡೂದಿಲ್ಲ.’

ಚಮನಸಾಬ ಕುರ್ಚಿ ಮುಂದಕ್ಕೆ ಎಳೆದುಕೊಂಡ. ‘ಆ ಕುಂದರೂ ಕೆಲಸಕ್ಕ ಕಾನೂನು ಅಡ್ಡಿ ಐತೇನ್ರಿ?’

‘ಅದಕ್ಕಿಲ್ಲ,’ ಅಂದರು ಡಾಕ್ಟರು. ಗುಳಿಗೆ ಸ್ವಲ್ಪ ಬದಲಿಸಿ ಬರೆಯುತ್ತಾ, ‘ಗುಳಿಗಿ ಮಾತ್ರ ತಪ್ಪಬಾರದು,’ ಅಂದರು.

ಮರುದಿನದಿಂದ ಬಣ್ಣದ ಕೆಲಸ ಮುಗಿಸಿ, ಮೂರು ಗಂಟೆಗೆ ಚಮನಸಾಬ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಕೂತ.

‘ಏನ ಮಾಡಾಕತ್ತಿ?’ ಅಂದ ಅಮಾತೆಪ್ಪ.

‘ಕುಂತೇನಿ.’

‘ಯಾಕ?’

‘ಔಷಧಿ.’

ಸುಮ್ಮನೆ ಕೂರುವುದು ಅವನಿಗೆ ಬಾರದ ವಿದ್ಯೆ. ಮೊದಲ ವಾರ ಅಮಾತೆಪ್ಪ ಗೋಡೆ ನೋಡಿದ, ಇವನು ಅಮಾತೆಪ್ಪನ ಬೆನ್ನು ನೋಡಿದ. ಒಂದು ದಿನ ಕೂತಲ್ಲೇ ಗೊರಕೆ ಹೊಡೆದ. ಕಣ್ಣು ಬಿಟ್ಟಾಗ ತಲೆಯ ಕೆಳಗೆ ಯಾರೋ ನೂಲಿನ ಗಂಟು ಇಟ್ಟಿದ್ದರು. ಕಸ್ತೂರಿಯನ್ನು ಕೇಳಿದರೆ, ‘ನಾ ಅಲ್ಲಣ್ಣ,’ ಅಂದಳು. ಆಮೇಲೆ ಒಮ್ಮೆ ಅಮಾತೆಪ್ಪ ‘ಚಹಾ ತಣ್ಣಗಾಗೇತಿ’ ಅಂದ. ಮತ್ತೊಂದು ದಿನ ಲಾಳಿ ಎತ್ತಿ ನಾಲ್ಕು ಬೆರಳಷ್ಟು ನೇಯ್ದ. ಅದರ ಮರುದಿನ ಮತ್ತೆ ಗೋಡೆ. ಆ ಸಂಜೆ ಚಮನಸಾಬ ನರ್ಗೀಸಳ ಎದುರು ಬಿಕ್ಕಿದ. ‘ಅದು ಹಂಗ ಅಬ್ಬಾ, ಹಿಂದ ಮುಂದ ಆಗತೈತಿ. ನಾಳೆ ಹೋಗ್ರಿ,’ ಅಂದಳು. ಹೋದ.

ಎಂಟೋ ಒಂಬತ್ತೋ ವಾರ ಆಗಿತ್ತು. ಹೊಸ ಲಡಿಗಳನ್ನು ಒಣಗಿಸಿ ತಂದು ಮಗ್ಗದ ಪಕ್ಕ ಇಟ್ಟು ಚಮನಸಾಬ ಚಾಪೆ ಹಾಸುತ್ತಿದ್ದ. ಅಮಾತೆಪ್ಪ ಒಂದು ಲಡಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಹಿಂದೆ ತಿರುಗಿಸಿ ನೋಡಿದ, ಮುಂದೆ ತಿರುಗಿಸಿ ನೋಡಿದ.

‘ಲೇ ಚಮನ್ಯಾ, ಇದ ಯಾವ ಬಣ್ಣ?’

ಚಮನಸಾಬನ ಕೈಯಲ್ಲಿ ಚಾಪೆ ಹಾಗೇ ನಿಂತಿತು. ‘ಗಿರಿಕುಂಕುಮ.’

‘ಅಲ್ಲ. ದಾಳಿಂಬರಿ ಕಡೆ ಹೊಂಟೈತಿ. ಒಂದೀಟ ಹೆಚ್ಚ ಕುದಸೀದಿ.’

ಬಣ್ಣ ಸರಿಯಿಲ್ಲ ಅಂದ ಕೂಡಲೇ ಬರುವ ಸಿಟ್ಟಿಗಾಗಿ ಚಮನಸಾಬ ಕಾದ. ಬಾಗಿಲಲ್ಲಿ ಅಮಾತೆಪ್ಪನನ್ನು ಬಿಟ್ಟರೆ ಯಾರೂ ಇರಲಿಲ್ಲ.

‘ಇನ್ನೊಮ್ಮೆ ನೋಡಿ ಹೇಳು.’

‘ಎಷ್ಟ ಸಲ ನೋಡಿದ್ರೂ ಅಷ್ಟ. ಕಣ್ಣ ಕಾಣತಾವೋ ಇಲ್ಲೋ ನಿನಗ?’

ಚಮನಸಾಬ ಲಡಿ ಕಸಿದುಕೊಂಡು ಹೊರಗೆ ಬಂದ. ನಲ್ಲಿಯ ಹತ್ತಿರ ಕಸ್ತೂರಿ ಕೊಡ ತೊಳೆಯುತ್ತಿದ್ದಳು. ಅವನ ಮುಖ ನೋಡಿ ಗಾಬರಿಯಾಗಿ, ‘ಏನಾತ್ರಿ ಅಣ್ಣ?’ ಅಂದಳು.

‘ಬಣ್ಣ ಕೆಟ್ಟೈತೆವ್ವಾ,’ ಅಂದ ಚಮನಸಾಬ. ಲಡಿಯನ್ನು ಅವಳ ಕಣ್ಣ ಮುಂದೆ ಹಿಡಿದ. ‘ನಿನ್ನ ಗಂಡ ಹೇಳ್ಯಾನ.’

ಆ ಸಂಜೆ ಓಣಿಯ ಆರು ಮನೆಗೆ ಅವನೇ ಹೋಗಿ ತನ್ನ ಗಿರಿಕುಂಕುಮ ಕೆಟ್ಟಿದೆ ಎಂದು ಹೇಳಿ ಬಂದ. ಮರುದಿನ ಮೂರು ಗಂಟೆಗೆ ಚಾಪೆ ಹಿಡಿದುಕೊಂಡು ಮತ್ತೆ ಹೋದ.