ತಿಪ್ಪವ್ವ ಕೇಳಿದ ಕರಡ

೨೦೦೨ರ ಡಿಸೆಂಬರ್ ಮೊದಲ ವಾರ, ಸೂರ್ಯೋದಯದ ಹೊತ್ತು. ಬಾರಾಮತಿಯ ಕಬ್ಬಿನ ಗದ್ದೆಗಳು ಮುಗಿದು ಕಲ್ಲುನೆಲ ತೊಡಗುವ ಮಾಳದಲ್ಲಿ ತಿಪ್ಪವ್ವನವರ ಕೆಲಸ ಕ್ರಮವಾಗಿ ಸಾಗುತ್ತದೆ. ಮೊದಲು ಗಂಟು ಹಾಕಿದ ಹಗ್ಗವನ್ನು ಎಳೆಯುತ್ತಾರೆ. ಬಳಿಕ ಗಂಟು ಬಿದ್ದಲ್ಲೆಲ್ಲ ಕಬ್ಬಿಣದ ಚೌಕಟ್ಟನ್ನಿಟ್ಟು, ಅದರೊಳಗಿನ ಹುಲ್ಲನ್ನು ಕೊಯ್ದು ಚೀಲಕ್ಕೆ ತುಂಬಿ ತೂಗುತ್ತಾರೆ. ಕೊನೆಗೆ ಅಲ್ಲಿ ಮೇಯಿಸುವವರನ್ನು ಮಾತಾಡಿಸುತ್ತಾರೆ.

ಯಾದಗಿರಿ ಕಡೆಯಿಂದ ಪುಣೆಯ ಅಂಚಿನ ಖರಾಡಿಗೆ ಕಟ್ಟಡದ ಕೂಲಿಗೆ ಬಂದವರು, ಈಗ ಆರು ವರ್ಷಗಳಿಂದ ಪುಣೆಯ ಸಂಸ್ಥೆಯೊಂದರ ಹುಲ್ಲುಗಾವಲು ಸಮೀಕ್ಷೆಯಲ್ಲಿದ್ದಾರೆ. ವರದಿಗಳಲ್ಲಿ ಅವರ ಹೆಸರಿರುವುದಿಲ್ಲ. "ಇಟ್ಟಂಗಿ ಇಟ್ಟಲ್ಲೇ ಇರ್ತಾವ್ರಿ. ಹುಲ್ಲು ಹಂಗಲ್ಲ, ಇವತ್ತ ಮಾಳದಾಗ, ನಾಳೆ ಆಡಿನ ಹೊಟ್ಟ್ಯಾಗ" ಎನ್ನುತ್ತಾರೆ.

ಕಳೆದ ವಾರ ಮಾತ್ರ ಈ ಕ್ರಮ ತಪ್ಪಿತ್ತು. ಜೀಪು ಕೆಟ್ಟು ತಡವಾದ್ದರಿಂದ ಮಾತು ಮೊದಲಾಯಿತು, ತೂಕ ಮುಂದಕ್ಕೆ ಹೋಯಿತು. ಇಲ್ಲಿ ಆಡು ಮೇಯಿಸುವ ಅಂಬಾದಾಸನನ್ನು ತಿಪ್ಪವ್ವ ಮರಾಠಿಯಲ್ಲಿ, ಕರಡ ಎಷ್ಟಿದೆ ಎಂದು ಕೇಳಿದರು. ಆತ ನಗುತ್ತ ಪುಷ್ಕಳ ಎಂದ. ಹುಲ್ಲು ಪುಷ್ಕಳವಂತೆ ಎಂದು ತಿಪ್ಪವ್ವ ತಂದ ಮಾತನ್ನೇ ಸಮೀಕ್ಷೆಯ ಮುಖ್ಯಸ್ಥೆ ಮಾಧುರಿ ಪಂಚಾಯತಿಗೆ ತಿಳಿಸಿದರು. ಹುಲ್ಲು ಹೆಚ್ಚಿದ್ದರೆ ಹೊರಗಿನ ಹಿಂಡುಗಳನ್ನೂ ಬಿಡಬಹುದೇ ಎಂಬುದನ್ನು ನಾಳೆ ಪಂಚಾಯತಿಯ ಸಭೆ ತೀರ್ಮಾನಿಸಲಿದೆ.

ಇಂದು ಚೀಲ ತುಂಬುತ್ತಿಲ್ಲ.

"ಇಷ್ಟೇ ಏನ್ರಿ ತಿಪ್ಪವ್ವ? ಪುಷ್ಕಳ ಅದ ಅಂದಿದ್ರಿ" ಎನ್ನುತ್ತಾರೆ ಮಾಧುರಿ.

"ನಾ ಅಂದಿಲ್ರಿ ಬಾಯಾರ, ಅವಾ ಅಂದಾನ."

ಕರೆಸಿ ಕೇಳಿದರೆ ಅಂಬಾದಾಸ ಕಂಬಳಿಯ ಮಡಿಕೆಯಿಂದ ಎರಡು ಮರಿಗಳನ್ನು ಕೆಳಗಿಳಿಸುತ್ತಾನೆ. "ಇವೇ ತಾನೆ ಕರಡ? ಹಟ್ಟಿಯಲ್ಲಿ ಇನ್ನೂ ಇವೆ" ಎನ್ನುತ್ತಾನೆ ಮರಾಠಿಯಲ್ಲಿ. ತಿಪ್ಪವ್ವನವರ ಊರಲ್ಲಿ ಕರಡವೆಂದರೆ ಮಾಳದಲ್ಲಿ ನಿಂತೇ ಒಣಗಿದ ಹುಲ್ಲು. ಅಂಬಾದಾಸನ ಮಾತಿನಲ್ಲಿ ಅದು ಆಡಿನ ಮರಿಗಳು.

"ಹುಲ್ಲಿನ ಮಾತಾಗಿದ್ದರೆ ನಾನು ನಗುತ್ತಿದ್ದೆನೇ, ತಾಯಿ? ಹೊರಗಿನ ಹಿಂಡು ಬಂದರೆ ಹೋಳಿಯೊಳಗೆ ಮಾಳ ಬೋಳು. ಇವುಗಳನ್ನು ಎಲ್ಲಿಗೆ ಒಯ್ಯಲಿ?"

ತಿಪ್ಪವ್ವ ಮರಿಯೊಂದರ ಕಿವಿ ಹಿಡಿದು, "ನಿನ್ನ ಹುಲ್ಲಂತ ತಿಳದು ಬರಿಸಿಬಿಟ್ಟೆನಲ್ಲೋ" ಎನ್ನುತ್ತಾರೆ. ಬಳಿಕ ಮಾಧುರಿಯತ್ತ ತಿರುಗುತ್ತಾರೆ: "ಮರಿ ಪುಷ್ಕಳ ಆದ್ರ ಹುಲ್ಲು ಇನ್ನಷ್ಟು ಬೇಕಾತದ್ರಿ. ನಾ ತಿಳಕೊಂಡಿದ್ದು ಪೂರಾ ಉಲ್ಟಾ ಆತು."

"ಸಭಾದಾಗ ಏನಂತ ಹೇಳ್ಲಿ?"

"ನಾ ತಪ್ಪು ಕೇಳಿದೆ ಅಂತ ಹೇಳ್ರಿ. ಹಗ್ಗ ಹಿಡೀರಿ ಮೊದ್ಲ, ಆ ಇಳಿಜಾರು ಇನ್ನೂ ಉಳದದ."

ಮಾಧುರಿ ಹಗ್ಗದ ತುದಿ ಹಿಡಿಯುತ್ತಾರೆ. ಸಂಜೆಯವರೆಗೂ ಕೊಯ್ಲು ನಡೆಯುತ್ತದೆ. ಮರುದಿನ ಪಂಚಾಯತಿಯ ಮುಂದೆ ಹಳೆಯ ಮಾತನ್ನು ಹಿಂತೆಗೆದುಕೊಂಡು, ತೂಕದಿಂದ ತಿಳಿದದ್ದನ್ನು ಓದಲಾಗುತ್ತದೆ: ಮಾಳದ ಸ್ಥಿತಿ ಸಾಧಾರಣ, ಊರಿನ ಆಡುಗಳಿಗೆ ಮಳೆಗಾಲದವರೆಗೆ ಸಾಕು, ಹೊರಗಿನ ಹಿಂಡುಗಳಿಗೆ ಈ ವರ್ಷ ಮೇವಿಲ್ಲ.