ಉತ್ತರ ಕೊಡದೆ ಎದ್ದವಳು

ಸುಬ್ರಾಯಣ್ಣ, ಅಂದು ನಿನಗೆ ಮಾತು ಕೊಟ್ಟು ಗಣಪತಿಯಣ್ಣನ ಪರ ಕೈ ಎತ್ತಿದವಳು ನಾನು. ಉಳಿದ ಹೆಂಗಸರ ಕೈ ಎತ್ತಿಸಿದವಳೂ ನಾನೇ — ಅವರ ಮೇಲೆ ಸಿಟ್ಟು ಬೇಡ.

ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತ್ಯಾಗಲಿಯ ನಮ್ಮ ತಾಳಮದ್ದಳೆ ಸಂಘದಲ್ಲಿ ಹೆಂಗಸರದ್ದು ಬರೀ ಒಂದು ಶಾಖೆ. ಪ್ರಸಂಗ ಯಾವುದು, ಕೃಷ್ಣ ಯಾರು, ಕೌರವ ಯಾರು — ಎಲ್ಲ ಗಂಡಸರದ್ದೇ ತೀರ್ಮಾನ. ಹಳೆಯ ಅಧ್ಯಕ್ಷರು ಹಾಸಿಗೆ ಹಿಡಿದಾಗ ಆ ಜಾಗಕ್ಕೆ ನೀನೂ ಗಣಪತಿಯಣ್ಣನೂ ನಿಂತಿರಿ. ಒಮ್ಮೆಲೇ ನಮ್ಮ ಮತಕ್ಕೆ ಎಲ್ಲಿಲ್ಲದ ಬೆಲೆ ಬಂತು!

ಅದೇ ವಾರ ಸಿದ್ದಾಪುರದ ಶಾಲೆಯಲ್ಲಿ ನಾನು ಪ್ರಾಚೀನ ಯೆಹೂದ್ಯರ ಪಾಠ ಮಾಡುತ್ತಿದ್ದೆ. ಅವರನ್ನು ಆಳುತ್ತಿದ್ದ ಸಿರಿಯಾದ ಗ್ರೀಕ್ ಸಾಮ್ರಾಜ್ಯ ಸಡಿಲವಾಗಿತ್ತು. ಸಿಂಹಾಸನಕ್ಕೆ ಇಬ್ಬರು ಕಿತ್ತಾಡುತ್ತಿದ್ದರು. ಯೆಹೂದ್ಯರ ನಾಯಕ ಯೋನಾತಾನ ಒಬ್ಬನಿಂದ ಸೈನ್ಯ ಕಟ್ಟುವ ಅಪ್ಪಣೆ ಪಡೆದ, ಇನ್ನೊಬ್ಬನಿಂದ ಮಹಾಯಾಜಕನ ಪಟ್ಟ. ಅವನ ನಂತರ ನಾಯಕನಾದ ಅವನಣ್ಣನ ಕಾಲಕ್ಕೆ ಕಪ್ಪ ಕೊಡುವುದೂ ನಿಂತಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಅನ್ನಿಸಿತು — ನಾವು ಮಾತ್ರ ಯಾಕೆ ಬೇಡುತ್ತ ಕೂರಬೇಕು?

ನಾನು ನಿನ್ನ ಬಳಿ ಬಂದೆ. ನಮ್ಮ ಅಭ್ಯಾಸಕ್ಕೆಂದು ನೀನು ಸಭಾಭವನದ ಕೀಲಿಕೈ ಕೊಟ್ಟೆ, ಮದ್ದಳೆ ಕೊಟ್ಟೆ. ಹೆಂಗಸರಿಗೆ ಬೇರೆ ಸಂಘ ಬೇಕು ಎಂದಾಗ ಮಾತ್ರ ನೀನು ನಕ್ಕುಬಿಟ್ಟೆ, ಒಂದೇ ಮನೆಯವರಿಗೆ ಎರಡು ಹೆಸರು ಯಾಕೆಂದು. ಆದರೂ ನಾನು ಹೇಳಿದೆ: "ಎಂಗ್ಳ ಮತ ನಿಂಗೇಯ, ಸುಬ್ರಾಯಣ್ಣ." ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಬೇರೆ ಸಂಘಕ್ಕೆ ಗಣಪತಿಯಣ್ಣ ಆಗಲೇ ಒಪ್ಪಿದ್ದ.

ನೀನು ಸೋತೆ. ತುಂಬಿದ ಸಭೆಯಲ್ಲಿ ಮೆತ್ತಗೆ ಕೇಳಿದೆ: "ತಂಗಿ, ಮಾತು ಕೊಟ್ಟಿದ್ದೆ ಅಲ್ದಾ? ಎಂತಕ್ಕೆ ಹಿಂಗ್ ಮಾಡ್ದೆ?"

ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿ ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡದೆ ಏಳಬಾರದು — ನಾನು ಅರ್ಥ ಹೇಳಲು ಕೂತ ಮೊದಲ ದಿನವೇ ಇದನ್ನು ಕಲಿಸಿದವನು ನೀನು. ನಾನು ಎದ್ದು ಹೊರಟುಹೋದೆ. ಆಮೇಲೆ ನೀನು ಯಾವ ತಾಳಮದ್ದಳೆ ಕೂಟದಲ್ಲೂ ಕೂರಲಿಲ್ಲ.

ಹಾಗೆ ಸಿಕ್ಕ ನಮ್ಮ ಹೆಂಗಸರ ಸಂಘಕ್ಕಾಗಿ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಬೇಕಾದರೂ ಮತ್ತೆ ಕಟ್ಟುತ್ತೇನೆ. ಇವತ್ತು ನಮ್ಮ ಕೃಷ್ಣನನ್ನು ನಾವೇ ಆರಿಸುತ್ತೇವೆ, ನನಗೆ ಅದರ ಹೆಮ್ಮೆಯಿದೆ. ಆದರೆ ಆ ಸುಳ್ಳು — ಅದನ್ನು ಹೇಳದೆಯೂ ಗೆಲ್ಲಬಹುದಿತ್ತೇನೋ. ನಾನು ಪ್ರಯತ್ನವನ್ನೇ ಮಾಡಲಿಲ್ಲ. ನಿನ್ನ ಮುಖ ನೋಡಿ 'ಇಲ್ಲ' ಎನ್ನುವ ಧೈರ್ಯ ನನಗಿರಲಿಲ್ಲ.

ಬರುವ ಶನಿವಾರ ಮಂಚಿಕೇರಿಯಲ್ಲಿ ನಮ್ಮ ಕೂಟವಿದೆ. ನಾನು ಕೃಷ್ಣ. ಕೌರವನ ಜಾಗಕ್ಕೆ ಬೇರೆ ಯಾರನ್ನೂ ಕರೆದಿಲ್ಲ. ಬಂದು ಎದುರು ಕೂತು ಅದೇ ಪ್ರಶ್ನೆಯನ್ನು ಕೇಳು. ಎಲ್ಲರ ಮುಂದೆಯೇ ಕೇಳು. ಈ ಸಲ ನಾನು ಏಳುವುದಿಲ್ಲ.